ಸದ್ದಿಲ್ಲದ ಕಾರು

ಅಣ್ಣಾ,

ಇದನ್ನು ಕಳಿಸಲು ನಿನ್ನ ವಿಳಾಸವಿಲ್ಲ. ಇದ್ದಿದ್ದರೂ ಕಳಿಸುತ್ತಿರಲಿಲ್ಲ.

ನೀನು ಬಿಟ್ಟುಹೋದ ಕಾರಿಗೆ ಇವತ್ತು ಮನೆಯಲ್ಲೇ ಬೇರೆ ಸೈಲೆನ್ಸರ್ ಹಾಕಿದೆ. ಕಂಪನಿಯದಲ್ಲ, ತಿಪಟೂರಿನಲ್ಲಿ ಸಿಕ್ಕಿದ್ದು. ತೆಂಗಿನ ಸಸಿಗೆಂದು ನೀನು ತೋಡಿಸಿ ಮರೆತ ಗುಂಡಿಯ ಮೇಲೆ ಕಾರು ನಿಲ್ಲಿಸಿ ಕೆಳಗಿಳಿದು, ಒಡೆದ ಹಳೆಯದಕ್ಕೆ ನೀನು ಬಿಗಿದಿದ್ದ ನಾರಿನ ಹಗ್ಗ ಕೊಯ್ದೆ. ಅರ್ಧ ಸುಟ್ಟುಹೋಗಿತ್ತು. ಬಿಸಿ ಕೊಳವೆಗೆ ಯಾರಾದರೂ ನಾರು ಕಟ್ಟುತ್ತಾರೆಯೇ?

ಆ ಒಡಕು ಸದ್ದು ಕೇಳಿದಾಗಲೆಲ್ಲ ಅತ್ತಿಗೆ ಕಾಲಿಗೆ ನೀರು ಹಿಡಿದು ಬಾಗಿಲಿಗೆ ಓಡಿಬರುತ್ತಿದ್ದಳು. ಇಳಿದವನು ನಾನೆಂದು ಕಂಡು, ಚೊಂಬು ಕೆಳಗಿಟ್ಟು ಒಳಗೆ ಹೋಗುತ್ತಿದ್ದಳು.

ಸಂಜೆ ಕೆರೆಯವರೆಗೆ ಓಡಿಸಿಕೊಂಡು ಬಂದೆ. ಅವಳು ಹೊರಗೆ ಬರಲಿಲ್ಲ. ನಾನೇ ಒಳಗೆ ಹೋದೆ.

“ಸದ್ದೇ ಇಲ್ವಲ್ಲಪ್ಪ! ಇನ್ನು ನಿಮ್ಮಣ್ಣ ಬಂದ್ರೆ ನಂಗೆ ಗೊತ್ತಾಗೋದೆಂಗೆ?” ಎಂದಳು.

ನೀನು ಇನ್ನೊಬ್ಬಳ ಜೊತೆ ಹೋದದ್ದು ಹುಳಿಯಾರಿನ ಬಸ್ಸಿನಲ್ಲಿ. ಅದನ್ನು ಅವಳಿಗೆ ನಾನಿನ್ನೂ ಹೇಳಿಲ್ಲ.