ಓದುವ ಮುನ್ನ ಅಳಿಸಿದ ಕೋಡ್

೧೪ ಜುಲೈ ೨೦೧೬, ಗುರುವಾರ

ಊಟವಾದರೂ ಸಿಟ್ಟು ಟಾಪ್ ಗೇರಿನಿಂದ ಇಳಿದಿಲ್ಲ.

ನಿನ್ನೆ ಮಾಜಿವಾಡಾ ಫ್ಲೈಓವರ್ ಮೇಲೆ ನಳಿನಿ ಓಡಿಸುತ್ತಿದ್ದ ನಮ್ಮ ಆಟೊಮ್ಯಾಟಿಕ್ ಕಾರು ತಟ್ಟನೆ ತಾನಾಗಿಯೇ ಎರಡನೇ ಗೇರಿಗೆ ಬಿದ್ದು ನಿಧಾನವಾಯಿತು. ಹಿಂದಿನ ಟ್ಯಾಂಕರ್ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಗೇರು ಬದಲಿಸುವ ಕಂಪ್ಯೂಟರ್ ಏನು ಕೆಟ್ಟಿತೆಂದು ಒಂದು ಕೋಡನ್ನು ನೆನಪಿಟ್ಟುಕೊಂಡಿರುತ್ತದೆ. ಕಲ್ಯಾಣದ ವರ್ಕ್‌ಶಾಪಿನ ಸೂಪರ್‌ವೈಸರ್ ಸಾಳುಂಕೆ ಇವತ್ತು ಅದನ್ನು ಓದದೆಯೇ ಅಳಿಸಿಬಿಟ್ಟ. ಕಾರು ಬಂದೊಡನೆ ಮೊದಲು 'ಸಾಫ್' ಮಾಡುವುದು ಅಲ್ಲಿನ ಪದ್ಧತಿಯಂತೆ! ಪಂಚನಾಮೆಗೆ ಮೊದಲೇ ಹೆಣ ಸುಟ್ಟ ಹಾಗೆ. ಆಮೇಲೆ ಸ್ಕ್ಯಾನರ್ ಹಚ್ಚಿ, "ದೇಖಿಯೇ ಸಾಬ್, ಕೋಯಿ ಫಾಲ್ಟ್ ನಹೀಂ. ಮೇಡಂ ಕೋ ಆದತ್ ನಹೀಂ ಹೋಗೀ" ಎಂದ. ಮೇಡಂಗೆ ಓಡಿಸಿ ಅಭ್ಯಾಸವಿಲ್ಲವಂತೆ; ಕೆಟ್ಟದ್ದು ಗೇರಲ್ಲ, ನನ್ನ ಹೆಂಡತಿ!

ನಾನು ಕೂಗಾಡಿದೆ. ನಳಿನಿ ಕೂಗಲಿಲ್ಲ, ಕೀಲಿ ಚಾಚಿದಳು. "ಭಾವೂ, ಫಾಲ್ಟ್ ನಹೀಂ ನಾ? ತೋ ಅಪ್ನೀ ಮಿಸೆಸ್ ಕೋ ಬಿಠಾಕೇ ಹೈವೇ ಪೇ ಏಕ್ ರೌಂಡ್ ಮಾರ್‌ಕೇ ಆಯಿಯೇ."

ತನ್ನ ಹೆಂಡತಿಯನ್ನು ಕೂರಿಸಿಕೊಂಡು ಹೈವೇ ಮೇಲೆ ಒಂದು ಸುತ್ತು ಹೊಡೆದು ಬರಲು ಸಾಳುಂಕೆ ಕೀಲಿ ಮುಟ್ಟಲಿಲ್ಲ.

ಕಾರನ್ನು ಅಲ್ಲೇ ಬಿಟ್ಟು ಲೋಕಲ್ ಟ್ರೈನ್ ಹಿಡಿದೆವು. ಹುಲಿಯ ಹಾಗೆ ಮಾತಾಡಿದ ಇವಳು ಮುಂಬ್ರಾ ದಾಟುವಾಗ ಮೆಲ್ಲಗೆ ಕೇಳಿದಳು: "ರೀ, ನಿಜ ಹೇಳಿ, ನನ್ನ ಕಾಲೇ ಎಲ್ಲಾದ್ರೂ ತಪ್ಪು ಬಿದ್ದಿತ್ತಾ?"

ಇಲ್ಲವೆಂದು ತೋರಿಸಲು ನನ್ನ ಹತ್ತಿರ ಈಗ ಏನೂ ಇಲ್ಲ. ಆ ದರಿದ್ರದವನು ಅಳಿಸಿದ್ದು ಬರೀ ಕೋಡ್ ಆಗಿದ್ದರೆ ಸಹಿಸಬಹುದಿತ್ತು; ಇವಳಿಗೆ ತನ್ನ ಮೇಲಿದ್ದ ನಂಬಿಕೆಯನ್ನೂ ಅಳಿಸಿಬಿಟ್ಟ.