ಕುದಿಸಿದ ನೀರು

ಅಂಬೇವಾಡಿ, ದಾಂಡೇಲಿ
೪ ಮೇ ೨೦೨೫, ಐತವಾರ

ಚಿರಂಜೀವಿ ಅಜೀಮಗ ಮಾಲವ್ವ ಕಾಕುನ ಆಶೀರ್ವಾದ.

ನಾವಿಲ್ಲಿ ಎಲ್ಲಾರೂ ಆರಾಮ ಅದೀವಿ ಅಂತ ಬರದು, ಹೊಡದ ಹಾಕಿದೆ ನೋಡಪಾ. ಸುಳ್ಳ ಬರಿಯಾಕ ಕೈ ಏಳವಲ್ದು. ಜೈಲಿನಾಗ ಇದ್ದಾಂವಗ ನೀ ಆರಾಮ ಅದೀಯೇನು ಅಂತ ಕೇಳಾಕೂ ನಾಚಿಕಿ ಬರ್ತೇತಿ. ಇಷ್ಟ ದಿನಾ ಕಾಕು ಒಂದ ಚೀಟಿ ಸೈತ ಬರೀಲಿಲ್ಲ ಅಂತ ಸಿಟ್ಟಾಗಿದ್ರ ಆಗು, ನಿನ್ನ ಸಿಟ್ಟ ಖರೇನ ಐತಿ. ಬರಿಯಾಕ ಕುಂತ್ರ ನನ್ನ ಮಗ ಸಾಗರನ ಹೆಸರ ಬರೀಬೇಕಾಗ್ತಿತ್ತು, ಅಲ್ಲೇ ಪೆನ್ ನಿಲ್ತಿತ್ತು. ಏಳನೇ ಇಯತ್ತೆ ಕಲತಾಕಿ ನಾ, ತಪ್ಪಿದ್ರ ಹೊಂದಿಸಿ ಓದು. ಅಲ್ಲಿ ಪತ್ರಾ ಒಡದು ಓದಿ ಆಮ್ಯಾಲ ಕೊಡ್ತಾರಂತ. ಓದ್ಲಿ. ಓದ್ಲೆಂತನ ಅಕ್ಷರಾ ದಪ್ಪ ಮಾಡಿ ಬರಿಯಾಕತ್ತೇನಿ.

ಮೊದಲ ನಿಮ್ಮ ಮನಿ ಸುದ್ದಿ. ನಿಮ್ಮವ್ವ ಅಮೀರುನ್ನಿಸಾ ಹಾಸಿಗಿ ಏನ ಹಿಡದಿಲ್ಲ, ಗಾಬರಿ ಆಗಬ್ಯಾಡ. ಆದ್ರ ಬಾಗಲಾ ತಗಿಯೂದಿಲ್ಲ. ಮದಲಿನಂಗ ಗ್ವಾಡಿ ಆಚೆಯಿಂದ "ಮಾಲವ್ವಾ, ಚಾ ಆತೇನ" ಅಂತ ಕೂಗೂದಿಲ್ಲ. ಈದಿನ ದಿನಾನೂ ಅವರ ಒಲಿ ಹತ್ತಲಿಲ್ಲ, ನಮ್ಮದೂ ಹತ್ತಲಿಲ್ಲ. ನಿನ್ನ ಗ್ಯಾರೇಜಿನ ಶಟರ ಮ್ಯಾಲ ಯಾವನೋ ಸುಣ್ಣದಾಗ ಕೆಟ್ಟ ಮಾತ ಬರದಿದ್ದ. ನಿನ್ನ ಹೆಂಡ್ತಿ ಜಾಸ್ಮಿನ ಬಕೇಟು ಬ್ರಶ್ಶು ತಗೊಂಡು ಒಬ್ಬಾಕೀನ ತಿಕ್ಕಾಕತ್ತಿದ್ಲು. ನಾನೂ ಹೋಗಿ ಸೆರಗ ಸಿಗಸಿ ತಿಕ್ಕಿದೆ. ಓಣಿ ಮಂದಿ ನಿಂತ ನೋಡಿದ್ರು. "ಏನ ನೋಡ್ತೀರಿ, ಕೈಯಾಗ ಜೀವ ಇಲ್ಲೇನು? ಬಂದು ತಿಕ್ಕರಿ" ಅಂತ ಬೈದೆ. ಒಬ್ಬರೂ ಬರಲಿಲ್ಲ.

ಆ ದಿನಾ ದವಾಖಾನಿ ಕಟ್ಟಿ ಮ್ಯಾಲ ಕುಂತು, ಪೊಲೀಸರು ಬರೂ ಮೊದಲ, ನೀ ನನಗ ಎಲ್ಲಾ ಹೇಳಿದ್ದಿ. ಅದನ್ನ ನಾ ಮರತಿಲ್ಲ. ನಾಳೆ ವಕೀಲರ ಮುಂದ ಹೇಳಬೇಕು, ಅದಕ್ಕ ಇಲ್ಲೊಮ್ಮೆ ಬರದ ನೋಡ್ತೇನಿ.

ರಂಜಾನ ತಿಂಗಳಾ. ಜೋಯಿಡಾ ಕಡೆ ಅಡಿವ್ಯಾಗ ಸಾಗರನ ಜೀಪು ಕೆಟ್ಟ ನಿಂತಿತ್ತು. ಪ್ರವಾಸಕ್ಕ ಬಂದ ಮಂದೀನ ಬ್ಯಾರೆ ಗಾಡಿ ಹತ್ತಿಸಿ ಕಳಿಸಿ ಅಂವ ನಿನಗ ಫೋನ್ ಹಚ್ಚಿದ. ರೋಜಾ ಇದ್ರೂ ಸಾಮಾನು ಕಟಗೊಂಡು ಓಡಿದಿ. ಕುಡಿಯೂ ನೀರಿನ ಕ್ಯಾನು ಪೂರಾ ರೇಡಿಯೇಟರಿಗೆ ಸುರದ್ರಿ, ಅದು ಸೋರಿ ಮಣ್ಣಪಾಲಾತು. ಮತ್ತ ಅದನ್ನ ಬಿಚ್ಚಿ, ಜೋಡಿಸಿ, ಹೊತ್ತ ಇಳಿಯಾಕ ಬಂತು. ಅಂವಗ ಬಿಸಲಿಗೆ ಗಂಟಲಾ ಒಣಗಿತ್ತು, ನಿನಗ ರೋಜಾ ಬಿಡಾಕ ನೀರ ಬೇಕಾಗಿತ್ತು. ಕೆಳಗ ಹಳ್ಳದ ಮಡುವಿನಾಗ ನೀರಿತ್ತು, ತಳದ ಕಲ್ಲ ಕಾಣೂವಷ್ಟ ತಿಳಿ. ಆದ್ರೂ ನೀ ಮಡುವಿಗೆ ಸೀದಾ ಡಬ್ಬಿ ಅದ್ದಲಿಲ್ಲ. ದಂಡಿ ಉಸುಕಿನಾಗ ಒರತಿ ತೋಡಿದಿ. ಮೊದಲ ಬಂದ ರಾಡಿ ನೀರು ಚೆಲ್ಲಿದಿ. ತಿಳಿ ಆದ ಮ್ಯಾಲ ಟವೆಲ್ ಮಡಚಿ ಸೋಸಿದಿ. ಕಲ್ಲ ಹೂಡಿ ಬೆಂಕಿ ಮಾಡಿ ಉಕ್ಕಿ ಉಕ್ಕಿ ಕುದಿಯೂ ತನಕಾ ಕೆಳಗ ಇಳಸಲಿಲ್ಲ. ಸುಡುಗಾಡ, ಮನ್ಯಾಗ ಸೈತ ಯಾರೂ ಇಷ್ಟ ಕಾಳಜಿಲೆ ನೀರ ಕಾಸೂದಿಲ್ಲ!

ಅಂವ ಆರಿಸಿಕೊಂಡು ಗಟಗಟ ಕುಡದ. ನೀ ಕುಡೀಲಿಲ್ಲ, ಇನ್ನೂ ಹೊತ್ತ ಮುಳಗಿರಲಿಲ್ಲ. ಖಜೂರ ಕೈಯಾಗ ಹಿಡಕೊಂಡು ಕುಂತಿದ್ದಿ. ರೋಜಾ ಬಿಡೂ ಹೊತ್ತ ಆಗೂದರಾಗ ಅಂವಗ ವಾಂತಿ ಸುರು ಆತು, ಕೈಕಾಲ ನಡಗಿದ್ವು, ಬಾಯಾಗ ಬುರುಗು ಬಂತು. ಬೆನ್ನ ಮ್ಯಾಲ ಹೊತಗೊಂಡು ಡಾಂಬರ ರಸ್ತಾಕ ತಂದಿ, ಸಿಕ್ಕ ಗಾಡ್ಯಾಗ ಹಾಕಿದಿ. ದವಾಖಾನಿ ಮುಟ್ಟೂದರಾಗ ನನ್ನ ಮಗ ಹೋದ.

ಹೊಟ್ಟ್ಯಾಗ ವಿಷಾ ಐತಿ ಅಂತ ಡಾಕ್ಟರು ಅಂದದ್ದ ತಡಾ, ಮಗನ್ನ ಕಳಕೊಂಡ ನಿಮ್ಮ ಗೂಳಪ್ಪ ಕಾಕಾಗ ತಲಿ ತಿರುಗಿತು. "ಅಂವಗ ಕುಡಿಸಿ ತಾ ಯಾಕ ಕುಡೀಲಿಲ್ಲ?" ಅಂತ ದವಾಖಾನಿ ಹಾರಿ ಹೋಗೂವಂಗ ಒದರಿದ. ಅಲ್ಲೋ, ಮಿಲ್ಲಿನ ಕೆಲಸಕ್ಕಂತ ಧಾರವಾಡದಿಂದ ಬಂದಾಗಿಂದ ನಿಮ್ಮ ಮನಿ ಗ್ವಾಡಿಗೆ ಗ್ವಾಡಿ ಹಚಗೊಂಡು ಬಾಳೇವಿ ಮಾಡಿದ ಮನಶ್ಯಾ, ರೋಜಾ ಅಂದ್ರ ಏನಂತ ಗೊತ್ತಿಲ್ಲೇನು ಅಂವಗ? ನಸಿಕಿನ್ಯಾಗ ನಿಮ್ಮನಿ ದೀಪಾ ಹತ್ತಲಿಲ್ಲಂದ್ರ ಬಾಗಲಾ ಬಡದು ಎಬ್ಬಸ್ತಿದ್ದಾಂವ ಅಂವನ! ಆದ್ರ ಕೂಡಿದ ಮಂದಿ ಹೌದೌದು ಅಂದ್ರು, ಅಂವ ಠಾಣೆಕ್ಕ ಹೋಗಿ ಬರಸಿದ. ನಾ ಹೆಣದ ಮುಂದ ಬಿದ್ದಿದ್ದೆ, ನನ್ನನ್ನ ಯಾರೂ ಕೇಳಲಿಲ್ಲ.

ಈಗ ಕೇಳು, ಇದನ್ನ ಜೈಲಿನವರೂ ನೆಟ್ಟಗ ಓದ್ಲಿ. ನನ್ನ ತಮ್ಮ ಲಗಮಪ್ಪ ಜೋಯಿಡಾದ ಆ ಕಡೆ ಒಬ್ಬರ ಹೊಲದಾಗ ಕೆಲಸಕ್ಕ ಇದ್ದ. ಸಾಗರನ ಹೆಣಕ್ಕ ಮೊದಲ ಹೆಗಲ ಕೊಟ್ಟ ಸೋದರಮಾವ ಅಂವ. ತಿಂಗಳಿನ ಎಡಿ ಇಟ್ಟ ದಿನಾ ಉಣ್ಣಾಕ ಕುಂತಾಂವ ತುತ್ತ ಎತ್ತವಲ್ಲ. ಎದ್ದು ಹಿತ್ತಲಕ್ಕ ಹೋದ. ಹೋಗಿ ನೋಡಿದ್ರ ಅರಬಿ ಒಗಿಯೂ ಕಲ್ಲಿನ ಮ್ಯಾಲ ಕುಂತು ಹಣಿ ಹಣಿ ಬಡಕೊಳ್ಳಾಕತ್ತಾನ.

"ಅಕ್ಕಾ, ಆ ಮಡುವಿಗೆ ಎಣ್ಣಿ ಹಾಕಿದಾಂವ ನಾನ" ಅಂದ.

ಹೊಲದಾಗ ಹುಳಕ್ಕ ಹೊಡೀತಾರಲ್ಲ, ಆ ಎಣ್ಣಿ. ಬ್ಯಾಸಗ್ಯಾಗ ಹಳ್ಳಾ ಹರಿಯೂದು ನಿಂತು ಮಡುವಷ್ಟ ಉಳಿದಾಗ ಮೀನಾ ಹಿಡಿಯಾಕ ಮೊದಲೆಲ್ಲಾ ಕಾರೀಕಾಯಿ ಜಜ್ಜಿ ನೀರಿಗೆ ಹಾಕ್ತಿದ್ರು. ಮೀನಿಗೆ ನಿಶಾ ಏರಿ ಮ್ಯಾಲ ತೇಲ್ತಿದ್ವು. ಈಗ ಜಜ್ಜೂ ತ್ರಾಸ ಯಾರಿಗೆ ಬೇಕು? ಬಾಟ್ಲಿ ಬೂಚ ತಗದು ಸುರೂದು. ಲಗಮಪ್ಪ ನೀವು ಹೋದ ಹಿಂದಿನ ದಿನಾ ಸುರದು, ತೇಲಿದ್ದೆಲ್ಲಾ ಆರಿಸಿ ಬುಟ್ಟಿಗೆ ತುಂಬಕೊಂಡು ಹೋಗಿದ್ದ. ನಿಮ್ಮ ಕಣ್ಣಿಗೆ ಒಂದ ಸತ್ತ ಮೀನರೆ ಬಿದ್ದಿದ್ರ ನೀವ್ಯಾಕ ಆ ನೀರ ಮುಟ್ತಿದ್ರಿ? ನಾ ಡಾಕ್ಟರ ಕಡೆ ಹೋಗಿ ಕೇಳಿದೆ. "ಕುದಿಸಿದ್ರ ಬ್ಯಾನಿ ತರೂ ಹುಳಾ ಸಾಯ್ತಾವವ್ವಾ. ಎಣ್ಣಿ ಹೋಗೂದಿಲ್ಲ, ನೀರು ಇಂಗಿದಂಗ ಇನ್ನೂ ಗಟ್ಟಿ ಆಗ್ತೇತಿ" ಅಂದ್ರು. ಉಸುಕು ಸೋಸೂದಿಲ್ಲಂತ, ಅರಬಿ ಸೋಸೂದಿಲ್ಲಂತ.

ನಿಮ್ಮ ಕಾಕಾನ ಮುಂದ ಎಲ್ಲಾ ಹೇಳಿದೆ. ಠಾಣೆಕ್ಕ ಹೋಗಿ ನೀವು ಬರಸಿದ್ದನ್ನ ಹೊಳ್ಳಿ ತಗೊಳ್ರಿ ಅಂತ ಕಾಲ ಹಿಡದೆ.

"ಹೋದಾಂವ ಹೋದ. ಇರೂ ಒಬ್ಬ ತಮ್ಮನ್ನ ಜೈಲಿಗೆ ಹಾಕತಿ ಏನು?" ಅಂದ.

"ಮತ್ತ ಅಜೀಮ?"

"ಅಂವಗ ಅಂವನ ಮಂದಿ ಅದಾರ. ಬಿಡಸ್ಕೋತಾರ."

"ಅಂವನ ಮಂದಿ ಯಾರ್ರೀ? ನಾವಲ್ಲೇನು?"

ಅಂವ ಚಪ್ಪಲಿ ಮೆಟಗೊಂಡು ಹೊರಗ ಹೋದ. ಲಗಮಪ್ಪಗ ಏನ ಹೇಳಿದ್ನೋ ಏನೋ, ಮರುದಿನಾನ ಅಂವ ಗೋವಾದ ಕಡೆ ಹೋಗಿಬಿಟ್ಟ, ಫೋನ್ ಬಂದ್. ನಿನ್ನೆ ನಾ ವಕೀಲರ ಕಡೆ ಹೋಗ್ತೇನಿ ಅಂದಾಗ ನಿಮ್ಮ ಕಾಕಾ, "ಹೊಸ್ತಿಲಾ ದಾಟಿದ್ರ ಹೊಳ್ಳಿ ಬರಬ್ಯಾಡ" ಅಂದ. ಮಗನ್ನ ಕಳಕೊಂಡು ಅಂವನೂ ಹುಚ್ಚ ಆಗ್ಯಾನ, ನನಗ ಗೊತ್ತೈತಿ. ರಾತ್ರಿ ಸಾಗರನ ಅಂಗಿ ಮಾರಿಗೆ ಒತಗೊಂಡು ಮಲಗ್ತಾನ. ಆದ್ರ ಅಂವನ ದುಃಖಕ್ಕ ನೀ ಯಾಕ ಜೈಲಿನಾಗ ಕೊಳೀಬೇಕು?

ಸೀರಿ ಚೀಲಕ್ಕ ಹಾಕೀನಿ. ನಾಳೆ ಮುಂಜಾನೆ ಜಾಸ್ಮಿನನ್ನ ಕರಕೊಂಡು ಮೊದಲನೇ ಬಸ್ಸಿಗೆ ಹೊಂಡ್ತೇನಿ. ಲಗಮಪ್ಪ ಹುಟ್ಟಿದಾಗ ನಮ್ಮವ್ವ ಕೂಲಿಗೆ ಹೋಗ್ತಿದ್ಲು, ಅಂವನ್ನ ಬೆನ್ನಿಗೆ ಕಟಗೊಂಡು ಬೆಳಸಿದಾಕಿ ನಾ. ಅಂವನ ಹೆಸರ ನನ್ನ ಬಾಯಿಲೆ ಹೇಳೂ ಪಾಳಿ ಬಂದೇತಿ. ಆದ್ರೂ ಹೇಳ್ತೇನಿ. ಕೋರ್ಟಿನಾಗ ಕೇಳಿದ್ರೂ ಹೇಳ್ತೇನಿ. ನಂಬತಾರೋ ಬಿಡ್ತಾರೋ, ಬರೇ ನನ್ನ ಮಾತಷ್ಟ ಐತಿ ನನ್ನ ಕೈಯಾಗ.

ಅಲ್ಲಿ ಹೊಟ್ಟಿ ತುಂಬ ಉಣ್ಣು. ಉಣ್ಣವಲ್ಲ, ಯಾರ ಜೋಡೀನೂ ಮಾತಾಡವಲ್ಲ ಅಂತ ಜಾಸ್ಮಿನ ಅಳ್ತಾಳ. ಹಂಗೆಲ್ಲಾ ಮಾಡಿದ್ರ ಬಂದು ಕಪಾಳಕ್ಕ ಕೊಡ್ತೇನಿ ನೋಡು. ನೀ ಬರೂ ತನಕಾ ನಿಮ್ಮವ್ವನ್ನ ನಾ ನೋಡ್ಕೋತೇನಿ. ನಿನ್ನ ಆಯುಷ್ಯ ಗಟ್ಟಿ ಇರಲಿ, ನನ್ನ ಮಗನ ಆಯುಷ್ಯದಾಗ ಉಳದದ್ದೂ ನಿನಗ ಸೇರಲಿ.

ಇಂತಿ ನಿನ್ನ ಕಾಕು,
ಮಾಲವ್ವ

ತಾ.ಕ. — ಪತ್ರಾ ಮಡಚಿ ಇಟ್ಟಿದ್ದೆ, ಹೊಳ್ಳಿ ಬಿಚ್ಚೇನಿ. ಸಂಜೀಕ ಜಾಸ್ಮಿನ ಬಂದು ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ಲು. ನೀ ಆಣಿ ಹಾಕಿಸಿಕೊಂಡಿದ್ದಿಯಂತ, ಆದ್ರೂ ಹೇಳಿಬಿಟ್ಲು. ಆಕಿಗೆ ಬೈಬ್ಯಾಡ. ನೀರ ಕುದಿಯೂ ಮುಂದ ಉಗಿಯಾಗ ಎಣ್ಣಿ ವಾಸನಿ ಬಂದು, "ಇದು ಬ್ಯಾಡೋ, ಚೆಲ್ಲು, ಮ್ಯಾಲ ಝರಿ ತನಕಾ ಹೋಗೂಣು" ಅಂತ ನೀ ಅಂದಿದ್ದಿ. ನನ್ನ ಮಗ ನಿನ್ನ ಕೈಯಾಗಿನ ಡಬ್ಬಿ ಕಸಗೊಂಡು, "ಕುದ್ದ ನೀರಿಗೆ ಏನೂ ಆಗೂದಿಲ್ಲಲೇ, ನಮ್ಮವ್ವ ಹೇಳ್ಯಾಳ" ಅಂತ ಕುಡದ. ಇದನ್ನ ನೀ ಪೊಲೀಸರ ಮುಂದ ಹೇಳಲಿಲ್ಲ, ವಕೀಲರ ಮುಂದ ಹೇಳಲಿಲ್ಲ. ಕಾಕುಗ ಗೊತ್ತಾದ್ರ ಎದಿ ಒಡದು ಸಾಯ್ತಾಳ ಅಂದೀಯಂತ. ಸಣ್ಣಾಂವ ಇದ್ದಾಗ ಅಂವಗ ಕಾಮಾಲಿ ಆಗಿ ಸತ್ತ ಉಳದಿದ್ದ. ಆವಾಗಿಂದ ಎಲ್ಲಿಗೆ ಹೊಂಟ್ರೂ ನೀರ ಕುದಿಸಿ ಕುಡಿ, ಕುದಿಸಿದ್ರ ಏನೂ ಆಗೂದಿಲ್ಲ ಅಂತ ಬೆನ್ನ ಹತ್ತಿ ಹೇಳಿದಾಕಿ ನಾನ. ನಾ ಸಾಯೂದಿಲ್ಲ, ಅಜೀಮ. ನೀ ಎಲ್ಲಾರ ಮುಂದ ಹೇಳು, ಮಾಲವ್ವ ಹೇಳಿದ್ಲಂತ ಕುಡದ ಅಂತನ ಹೇಳು. ಹುಟ್ಟಿದಾಗಿಂದ ನನ್ನ ಒಂದ ಮಾತ ಕೇಳಿದಾಂವಲ್ಲ ನನ್ನ ಮಗ. ಅದೊಂದ ಕೇಳಿದ.