ಕಥೆಯಲ್ಲಿ ಎದ್ದು ನಿಂತವನು

5-1-83. ಅಜ್ಜಂಪುರ, ಮಧ್ಯಾಹ್ನ

ಕಡೂರು ಬಿಟ್ಟಾಗಲೇ ಲೇಟು. ಬೀರೂರಿನಲ್ಲಿ ರೈಲ್ವೆ ಗೇಟು ಬೇರೆ ಹಾಕಿದ್ದರು. ಶಿವನಿ ಊರಿಗೆ ಟೈಮಿಗೆ ಮುಟ್ಟದಿದ್ದರೆ ಹಿಂದಿನ ಬಸ್ಸಿನವನು ನಮ್ಮ ಪ್ಯಾಸೆಂಜರನ್ನೆಲ್ಲ ಬಾಚಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ಸೈಕಲ್‌ನವರನ್ನು ಇಳಿಸಿಕೊಂಡೇ ಹೋದೆ. ಟಾರು ಒಂದು ಬಸ್ಸಿನಷ್ಟೇ ಅಗಲ, ಪಕ್ಕದ ಮಣ್ಣು ಒಂದು ಗೇಣು ತಗ್ಗು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಸದ್ದಿಲ್ಲದೆ ಬೆನ್ನ ಹತ್ತಿರ ಹೋಗಿ ಹಾರನ್ ಒತ್ತಬೇಕು. ಸೈಕಲ್ಲು ತಾನಾಗಿ ಮಣ್ಣಿಗೆ ಇಳಿಯುತ್ತದೆ. ಹೊಸ ಡ್ರೈವರುಗಳಿಗೆ ನಾನೇ ಕಲಿಸಿಕೊಟ್ಟ ವಿದ್ಯೆ. ಸ್ಟ್ಯಾಂಡಿನಲ್ಲಿ ಕೇಳುತ್ತಾರೆ — ‘ಇವತ್ತೆಷ್ಟು ಇಳಿಸ್ದೆ ಬೆನಕಪ್ಪಣ್ಣ?’

ಶಿವನಿ ಹತ್ತಿರ ಮಂಡಕ್ಕಿಯವನೊಬ್ಬ ಸಿಕ್ಕಿದ. ಕ್ಯಾರಿಯರ್ ಮೇಲೆ ಅವನಿಗಿಂತ ದೊಡ್ಡ ಮೂಟೆ. ಹಿಂದಿನಿಂದ ನೋಡಿದರೆ ಮೂಟೆಯೇ ಪೆಡಲ್ ತುಳಿಯುತ್ತಿರುವ ಹಾಗಿತ್ತು. ಹಾರನ್ ಒತ್ತಿದೆ. ಮೂಟೆ ಎಡಕ್ಕೆ ವಾಲಿತು, ಮರೆಯಾಯಿತು. ಕನ್ನಡಿಯಲ್ಲಿ ಬರೀ ಬಿಳಿ, ಬೇರೇನೂ ಕಾಣಲಿಲ್ಲ. ಕಂಡಕ್ಟರ್ ಜವರಯ್ಯ ಬಾಗಿಲಲ್ಲಿ ನೇತಾಡಿಕೊಂಡು ಕೂಗಿದ — ‘ರೈಟ್ ರೈಟ್! ಮಂಡಕ್ಕಿ ಮಳೆ ಕಣಣ್ಣೋ!’

ಬಸ್ಸೆಲ್ಲ ನಗು. ನಿಲ್ಲಿಸಲಿಲ್ಲ. ಟೈಮಿಗೆ ಮುಟ್ಟಿದೆವು.

6-1-83

ಸ್ಟ್ಯಾಂಡಿನ ಹೋಟೆಲಲ್ಲಿ ಮಂಡಕ್ಕಿಯವನ ಕಥೆ ಹೇಳಿಸಿದರು. ಮೊದಲ ಸಲ ಹೇಳಿದಾಗ ಸಪ್ಪೆ. ಮೂಟೆ ಬಿತ್ತು, ಒಡೆಯಿತು, ನಾವು ಹೋದೆವು... ಯಾರೂ ಅಷ್ಟಾಗಿ ನಗಲಿಲ್ಲ.

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬಿದ್ದ ರಾಕ್ಷಸ ಕೂಡ ಒಮ್ಮೆ ಎದ್ದು, ಒಂದು ಮಾತಾಡಿಯೇ ಸಾಯುತ್ತಿದ್ದ. ಬಿದ್ದವನು ಏಳದಿದ್ದರೆ ಕೇಳುವವರಿಗೆ ನಗಲು ಧೈರ್ಯ ಬರುವುದಿಲ್ಲ. ಎರಡನೇ ಸಲ ಹೇಳುವಾಗ ಅವನನ್ನು ಎಬ್ಬಿಸಿದೆ. ಎದ್ದ. ತಲೆ ಕೊಡವಿಕೊಂಡ. ಮೀಸೆಗೆ ಅಂಟಿದ್ದ ಒಂದು ಕಾಳು ಬಾಯಿಗೆ ಹಾಕಿಕೊಂಡು, ಬಸ್ಸಿಗೆ ಸಲಾಮು ಹೊಡೆದು ಅಂದ — ‘ಉಪ್ಪು ಕಮ್ಮಿ ಅದೆ ಸಾಮಿ!’

ಹೋಟೆಲಿನವನು ಕಾಸು ಬೇಡವೆಂದು ಎರಡನೇ ಟೀ ಕೊಟ್ಟ.

14-1-83. ತರೀಕೆರೆ

ಇಲ್ಲಿಯೂ ಹೇಳಿಸಿದರು. ‘ಉಪ್ಪು ಕಮ್ಮಿ’ ಅನ್ನುವುದು ಈಗ ಇಡೀ ಲೈನಿನ ಮಾತಾಗಿದೆ. ಯಾವ ಸೈಕಲ್ಲು ಇಳಿದರೂ ಹುಡುಗರು ಕಿಟಕಿಯಿಂದ ಅದನ್ನೇ ಕೂಗುತ್ತಾರೆ. ಹೇಳಿ ಹೇಳಿ ನನಗೇ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ — ಅವನು ಕೊಡವಿಕೊಂಡು ಏಳುವುದು, ಸಲಾಮು ಹೊಡೆಯುವುದು.

20-1-83. ಅಜ್ಜಂಪುರ

ಬರೆಯಬೇಕೋ ಬೇಡವೋ ಗೊತ್ತಿಲ್ಲ.

ಬೆಳಿಗ್ಗೆ ಅಜ್ಜಂಪುರದಲ್ಲಿ ಒಬ್ಬ ಹೆಂಗಸು ಮಂಡಕ್ಕಿ ಮೂಟೆ ಹೊತ್ತುಕೊಂಡು ಬಂದಳು. ಕಾಶಮ್ಮ ಅಂತ ಹೆಸರು. ಮೂಟೆಯನ್ನು ಟಾಪಿಗೆ ಹಾಕಲು ಬಿಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಮೂಟೆ ನೋಡಿದ್ದೇ ಜವರಯ್ಯನಿಗೆ ಕಥೆ ನೆನಪಾಯಿತು. ಶುರು ಮಾಡಿಯೇ ಬಿಟ್ಟ. ನನ್ನಷ್ಟು ಚೆನ್ನಾಗಿ ಹೇಳುವುದಿಲ್ಲ, ಆದರೂ ಜನ ನಕ್ಕರು. ‘ಉಪ್ಪು ಕಮ್ಮಿ’ ಬಂದಾಗ ಆಕೆ ಅವನ ಕಡೆ ತಿರುಗಿದಳು. ಕೋಪದಿಂದಲ್ಲ. ಲೆಕ್ಕ ತಪ್ಪಿದವರಿಗೆ ಸರಿ ಹೇಳುವ ಹಾಗೆ.

‘ನಮ್ಮನೆಯೋರು ಎದ್ದಿರ್ನಿಲ್ಲ ಕಣಣ್ಣ. ಅಂಗೇ ಬಿದ್ದಿದ್ರು. ಎತ್ತಿನ ಗಾಡಿಯೋರು ಬಂದು ಎತ್ತಿದ್ದು.’

ಜವರಯ್ಯ ಹರಿದ ಟಿಕೆಟ್ಟನ್ನು ಅವಳ ಕೈಗಿಟ್ಟ.

‘ಭುಜ ಮುರ್ದದೆ. ನಾಟಿ ವೈದ್ಯರು ಕಟ್ಟು ಕಟ್ಟವ್ರೆ. ಭುಜ ಹೆಂಗೋ ಕೂಡ್ತದೆ ಬಿಡಿ. ಸೈಕಲ್ ಮುಟ್ಟಲ್ಲ ಅಂತಾರೆ. ಬೀದೀಲಿ ಹಾರನ್ ಕೇಳಿದ್ರೆ ಸಾಕು, ಜಗಲಿ ಮ್ಯಾಲೆ ಕೂತಿದ್ದೋರೂ ಕೆಳಗಿಳೀತಾರೆ. ಹಿಂಗಾದ್ರೆ ಹೆಂಗಣ್ಣ? ಬಸ್ ಚಾರ್ಜು ಕೊಟ್ಟು ಮಂಡಕ್ಕಿ ಮಾರಿದ್ರೆ ನಮಗೇನು ಉಳೀತದೆ?’

ಹಿಂದಿನ ಸೀಟಿನಲ್ಲಿ ಇನ್ನೂ ಯಾರೋ ಕಿಸಕ್ಕೆಂದರು. ನಾನು ರಸ್ತೆಯನ್ನೇ ನೋಡಿಕೊಂಡು ಓಡಿಸಿದೆ. ಅದೇ ಜಾಗ ಬಂತು. ಪಕ್ಕದ ಹುಲ್ಲು ಒಂದು ಕಡೆ ಇನ್ನೂ ಮಲಗಿಯೇ ಇತ್ತು.

ಅವನು ಎದ್ದದ್ದನ್ನು ನಾನು ನೋಡಿರಲಿಲ್ಲ. ಕಥೆಗೆ ಬೇಕಾಗಿತ್ತು, ಎಬ್ಬಿಸಿ ನಿಲ್ಲಿಸಿದೆ. ಕಥೆಯಲ್ಲಿ ಅವನು ಸಲಾಮು ಹೊಡೆಯುತ್ತಿದ್ದಾಗ ರಸ್ತೆ ಪಕ್ಕ ಬಿದ್ದೇ ಇದ್ದ.

ಆಕೆ ಇಳಿಯುವಾಗ ನನಗೂ ಹೇಳಿ ಹೋದಳು — ‘ಬತ್ತೀನಣ್ಣ.’ ಗಂಡನನ್ನು ಬೀಳಿಸಿದ್ದು ಯಾವ ಬಸ್ಸು ಎಂದು ಕೇಳಲೇ ಇಲ್ಲ.

24-1-83

ದಾರಿಯ ಹಳ್ಳಿಯ ಮಿಡ್ಲ್ ಸ್ಕೂಲಿನ ಜಯದೇವಪ್ಪ ಮೇಷ್ಟ್ರು ಬಸ್ಸಿಗೆ ಕೈ ಅಡ್ಡ ಹಾಕಿದರು. ರಸ್ತೆ ಸುರಕ್ಷತೆ ಸಪ್ತಾಹ ಮಾಡುತ್ತಾರಂತೆ. ‘ಭಾಷಣ ಯಾರು ಬೇಕಾದ್ರೂ ಮಾಡ್ತಾರೆ ಬೆನಕಪ್ಪ, ನೀವು ಬಂದು ಒಂದು ಕಥೆ ಹೇಳಿ. ಮಕ್ಕಳು ಪ್ರಾಣ ಬಿಡ್ತವೆ ನಿಮ್ಮ ಕಥೆ ಅಂದ್ರೆ’ ಎಂದರು. ಒಪ್ಪಿಕೊಂಡೆ. ಅಲ್ಲಿ ನಿಜ ಹೇಳಿಬಿಡುತ್ತೇನೆ. ಬಸ್ಸಿನವನೇ ನಿಂತು, ಬಸ್ಸಿನವನದೇ ತಪ್ಪು ಎಂದರೆ ಮಕ್ಕಳು ಮರೆಯುವುದಿಲ್ಲ. ಬಾಯಿಪಾಠ ಕೂಡ ಮಾಡಿಕೊಂಡಿದ್ದೇನೆ.

27-1-83. ಸಂಜೆ

ಬೆಂಚಿನ ಮೇಲೆ ಒಂದು ತೆಂಗಿನಕಾಯಿ, ಒಂದು ಟವಲ್. ಸ್ಕೂಲಿನಲ್ಲಿ ಕೊಟ್ಟದ್ದು. ಮುಟ್ಟಲು ಮನಸ್ಸಾಗುತ್ತಿಲ್ಲ.

ನನಗಿಂತ ಮೊದಲು ಒಬ್ಬ ಪೊಲೀಸ್ ದಫೇದಾರರು ಮಾತಾಡಿದರು. ಸೈಕಲ್ಲಿಗೆ ಬೆಲ್ ಇರಬೇಕು, ಬ್ರೇಕ್ ಇರಬೇಕು, ಡಬಲ್ ರೈಡ್ ಕೂಡದು, ದೊಡ್ಡ ಗಾಡಿ ಬಂದರೆ ಕೆಳಗಿಳಿದು ನಿಲ್ಲಬೇಕು. ಎರಡು ಜಡೆಯ ಒಬ್ಬ ಹುಡುಗಿ ಎದ್ದು ಕೇಳಿದಳು — ‘ಬಸ್ಸಿನೋರು ಏನ್ ಮಾಡ್ಬೇಕು ಸಾ?’

ದಫೇದಾರರು ನನ್ನ ಕಡೆ ನೋಡಿ ನಕ್ಕರು. ‘ಅದನ್ನ ಡ್ರೈವರ್ ಸಾಹೇಬ್ರೇ ಹೇಳ್ತಾರೆ ಕೂತ್ಕೋಮ್ಮ.’

ಎದ್ದೆ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ — ‘ಉಪ್ಪು ಕಮ್ಮಿ ಹೇಳಿ!’ ಇನ್ನೊಂದು. ಆಮೇಲೆ ಇಡೀ ಸ್ಕೂಲು ತಾಳ ಹಾಕಿತು. ಉಪ್ಪು ಕಮ್ಮಿ, ಉಪ್ಪು ಕಮ್ಮಿ. ಆ ಮುಖಗಳು... ಅಷ್ಟು ಮುಖಗಳು ನನ್ನ ಬಾಯನ್ನೇ ನೋಡುತ್ತಿರುವಾಗ ನನ್ನ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಹಾರನ್ ಒತ್ತಿತು.

ಹೇಳಿದೆ. ಪೂರ್ತಿ ಹೇಳಿದೆ. ಅವನು ಎದ್ದ, ಕೊಡವಿಕೊಂಡ, ಸಲಾಮು ಹೊಡೆದ. ಹಿಂದೆಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕೊನೆಗೆ ಮೇಷ್ಟ್ರು ಕೇಳಿದರು — ‘ಇದ್ರಿಂದ ಏನು ತಿಳೀತು ಮಕ್ಕಳೇ?’

ಒಟ್ಟಿಗೆ ಕೂಗಿದವು — ‘ಬಸ್ ಬಂದ್ರೆ ಸೈಕಲ್ ಇಳೀಬೇಕು ಸಾ...’

ಚಪ್ಪಾಳೆ. ಎರಡು ಜಡೆಯ ಹುಡುಗಿಯೂ ತಟ್ಟುತ್ತಿದ್ದಳು.

9-2-83

ಬರೆಯದೆ ಎಷ್ಟೋ ದಿನವಾಯಿತು.

ಇಂದು ಆ ಸ್ಕೂಲಿನ ಹತ್ತಿರ ಮಕ್ಕಳು ಮನೆಗೆ ಹೋಗುತ್ತಿದ್ದವು. ನಾನು ಇನ್ನೂ ದೂರದಲ್ಲಿದ್ದೆ, ಹಾರನ್ ಒತ್ತಿರಲೇ ಇಲ್ಲ. ಒಳಪೆಡಲ್ ಹೊಡೆಯುತ್ತಿದ್ದ ಒಬ್ಬ ಹುಡುಗ ಸೈಕಲ್ ಸಮೇತ ಮಣ್ಣಿಗೆ ಹಾರಿದ. ನಡೆದು ಹೋಗುತ್ತಿದ್ದವೂ ಹಾರಿದವು. ಚರಂಡಿಯಲ್ಲಿ ಸಾಲಾಗಿ ನಿಂತು ಬಸ್ಸಿಗೆ ಸಲಾಮು ಹೊಡೆದವು. ಒಂದರ ಮೊಣಕಾಲಲ್ಲಿ ರಕ್ತ, ಅದೂ ನಗುತ್ತಿತ್ತು.

ಬಸ್ಸು ನಿಲ್ಲಿಸಿ ಮೇಷ್ಟ್ರ ಹತ್ತಿರ ಹೋದೆ. ಇನ್ನೊಂದು ಸಲ ಮಾತಾಡಲು ಬಿಡಿ, ಆ ಕಥೆಯಲ್ಲಿ ತಪ್ಪಿದೆ ಎಂದೆ. ಅವರು ಬೆನ್ನು ತಟ್ಟಿದರು. ‘ಕಥೇಲಿ ಎಂಥಾ ತಪ್ಪು ಬೆನಕಪ್ಪ? ಸಪ್ತಾಹ ಮುಗೀತಲ್ಲ, ಮುಂದಿನ ವರ್ಷ ನೋಡೋಣ.’

ಬಸ್ಸಿನಲ್ಲಿ ಜನ ಬೈಯುತ್ತಿದ್ದರು, ಲೇಟೆಂದು.

11-2-83. ಅಜ್ಜಂಪುರ, ಮಧ್ಯಾಹ್ನ

ಹೋಗಿ ಬಂದೆ. ಮಂಡಕ್ಕಿ ಭಟ್ಟಿಯ ಹಿಂದಿನ ಓಣಿ. ಕರಿಸಿದ್ದಪ್ಪ ಅಂತ ಹೆಸರು. ನನ್ನ ಕಥೆಯಲ್ಲಿ ಅವನಿಗೆ ದಪ್ಪ ಮೀಸೆ ಇತ್ತು. ನಿಜಕ್ಕೂ ಮೀಸೆಯೇ ಇಲ್ಲ. ನನಗಿಂತ ಹಿರಿಯ. ಕತ್ತಿನಿಂದ ಬಟ್ಟೆ ಕಟ್ಟಿ ತೋಳು ನೇತುಹಾಕಿಕೊಂಡಿದ್ದ. ಸೈಕಲ್ಲು ಗೋಡೆಗೆ ಒರಗಿತ್ತು, ಮೇಲೆ ಗೋಣಿ ಹೊದಿಸಿತ್ತು.

‘ಅವತ್ತಿನ ಬಸ್ಸು ನಂದೇ’ ಎಂದೆ.

‘ಗೊತ್ತಲ್ಲ. ಆ ಹಾರನ್ ಯಾರದು ಅಂತ ಈ ಲೈನಲ್ಲಿ ಯಾರಿಗೆ ಗೊತ್ತಿಲ್ಲ? ಕೂತ್ಕಳಿ. ನಂದೂ ತಪ್ಪೇಯ ಡ್ರೈವರಣ್ಣ. ಟಾರ್ ಮ್ಯಾಲಿದ್ದೆ.’

‘ಟಾರು ನಿಮ್ದೂ ಹೌದಲ್ಲ.’

ತಮಾಷೆ ಎಂದುಕೊಂಡು ನಕ್ಕ. ಕಾಶಮ್ಮ ತಟ್ಟೆಯಲ್ಲಿ ಮಂಡಕ್ಕಿ, ಮೇಲೆ ಈರುಳ್ಳಿ ಹಾಕಿ ತಂದಿಟ್ಟಳು. ಅವನು ತಟ್ಟೆಯನ್ನು ಎಡಗೈಯಿಂದ ನನ್ನ ಕಡೆ ಸರಿಸಿದ.

‘ನನ್ನ ಕಥೆ ಶಾನೆ ಚೆನ್ನಾಗಿ ಹೇಳ್ತೀರಂತೆ. ನಾನೇ ಕೇಳಿಲ್ಲ ನೋಡಿ. ಒಂದ್ಸಲ ಹೇಳ್ರಲ್ಲ.’

ಇಡೀ ತಾಲ್ಲೂಕಿಗೆ ಹೇಳಿದ ಕಥೆ. ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಕೂತೆ. ಅವನು ತಟ್ಟೆ ನೋಡಿದ. ಆಮೇಲೆ ತನ್ನ ಮನೆಗೆ ಬಂದವರನ್ನು ಕೇಳುವ ಹಾಗೆ, ನಿಜವಾಗಿಯೇ ಕೇಳಿದ —

‘ಉಪ್ಪು ಸರಿಯಾಗಿ ಅದಾ?’

3-3-83

ಸೈಕಲ್ಲು ಕಂಡರೆ ದೂರದಿಂದಲೇ ನಿಧಾನ ಮಾಡಿ, ನನ್ನ ಬಲಗಡೆಯ ಚಕ್ರಗಳನ್ನೇ ಮಣ್ಣಿಗೆ ಇಳಿಸುತ್ತಿದ್ದೇನೆ. ಜನರ ತಲೆ ಸರಳಿಗೆ ಬಡಿಯುತ್ತದೆ, ಬೈಯುತ್ತಾರೆ. ಜವರಯ್ಯ ಅಂದ — ‘ಏನಣ್ಣಾ, ಸೈಕಲ್‌ಗೆ ದಾರಿ ಬಿಡಕ್ಕೆ ನಮ್ದೇನು ಎಮ್ಮೆ ಗಾಡಿಯಾ?’ ಸ್ಟ್ಯಾಂಡಿನಲ್ಲಿ ಹೊಸ ಡ್ರೈವರುಗಳು ನನ್ನನ್ನೇ ನಕಲು ಮಾಡಿ ಕಥೆ ಕಟ್ಟಿದ್ದಾರೆ, ಬಸ್ಸು ಇಳಿದು ಸೈಕಲ್ಲಿಗೆ ಸಲಾಮು ಹೊಡೆದದ್ದು. ಚೆನ್ನಾಗಿಯೇ ಇದೆ.

ಸೈಕಲ್‌ನವರು ಮಾತ್ರ ನಂಬುವುದಿಲ್ಲ. ನಾನು ಇಳಿದರೂ ಅವರೂ ಇಳಿಯುತ್ತಾರೆ. ನಡುವೆ ಟಾರು ಖಾಲಿ.

28-3-83. ಅಜ್ಜಂಪುರ, ಮಧ್ಯಾಹ್ನ

ಕರಿಸಿದ್ದಪ್ಪ ಸೈಕಲ್ ಹತ್ತಿದ್ದಾನೆ!

ಶಿವನಿ ದಾರಿಯಲ್ಲಿ ದೂರದಿಂದಲೇ ಗುರುತು ಹಿಡಿದೆ. ಮೂಟೆ ಈಗ ಚಿಕ್ಕದು, ಬಲಗಡೆಗೆ ವಾಲುತ್ತದೆ. ಗೇರ್ ಇಳಿಸಿದೆ. ಹಾರನ್ ಮುಟ್ಟಲಿಲ್ಲ. ಇಂಜಿನ್ ಸದ್ದಿಗೇ ಅವನ ಬೆನ್ನು ಸೆಟೆಯಿತು. ನೆಲಕ್ಕೆ ಕಾಲು ಕೊಟ್ಟ, ಇಳಿದ, ಸೈಕಲ್ಲನ್ನು ಮಣ್ಣಿಗೆ ತಳ್ಳಿಕೊಂಡು ಹೋಗಿ ರಸ್ತೆಗೆ ಬೆನ್ನು ಹಾಕಿ ನಿಂತ. ಎರಡೂ ಕೈಯಲ್ಲಿ ಮೂಟೆ ತಬ್ಬಿಕೊಂಡು.

ನಾನೂ ಹಿಂದೆಯೇ ನಿಲ್ಲಿಸಿದೆ. ಅವನು ಹತ್ತಲಿ, ಮುಂದೆ ಹೋಗಲಿ ಎಂದು ಕಾದೆ. ಬಸ್ಸು ಹೋಗಲಿ ಎಂದು ಅವನು ಕಾದ. ಒಳಗೆ ಗಲಾಟೆ — ‘ಏನ್ರೀ ಡ್ರೈವರ್, ಪೂಜೆ ಮಾಡ್ತೀರಾ ಅವನಿಗೆ?’ ಇಂಜಿನ್ ಆಫ್ ಮಾಡಿ ಕೆಳಗಿಳಿದೆ.

ಹಿಂದೆ ಹೆಜ್ಜೆ ಸದ್ದು ಕೇಳಿತೇನೋ. ತಿರುಗದೆಯೇ ಕೂಗಿದ —

‘ಇಳ್ದಿದ್ದೀನಲ್ಲ ಸಾಮಿ! ಇನ್ನೂ ಇಳೀಬೇಕಾ?’

ಅಂದವನೇ ಚರಂಡಿಯೊಳಕ್ಕೆ ಇನ್ನೊಂದು ಹೆಜ್ಜೆ ಇಟ್ಟ. ಸೈಕಲ್ಲು ಜಾರಿತು. ನಾನು ಓಡಿ ಹೋಗಿ ಹ್ಯಾಂಡಲ್ ಹಿಡಿದು, ‘ಕರಿಸಿದ್ದಪ್ಪ, ಮೇಲೆ ಬನ್ನಿ’ ಅಂದರೆ, ಅವನು ಮೂಟೆ ಬಿಟ್ಟು ತಿರುಗಿ, ಚರಂಡಿಯಲ್ಲೇ ನೆಟ್ಟಗೆ ನಿಂತು ಸಲಾಮು ಹೊಡೆದ.